ಬಿ.ಎ. ಪಾಸಿನ ಊಟಕ್ಕೆ ಕರೆದ ಏಜೆಂಟರು

“ಇದು ಆಗೋ ಮಾತೇ ಅಲ್ಲ” ಎಂದವನು ಜಗಳೂರಿನ ನನ್ನ ಸೋದರಮಾವ. “ಆಗ್ತೈತೆ, ಕಾಗದ ಸರಿ ಇರಬೇಕು ಅಷ್ಟೇ” ಎಂದವರು ವಿಮೆ ಏಜೆಂಟರು. ಈ ಏಜೆಂಟರ ಪ್ಯಾಂಟಿನ ಬಲಗಾಲಿಗೆ ಸದಾ ಒಂದು ತಗಡಿನ ಕ್ಲಿಪ್ಪು. ಚೈನಿನ ಎಣ್ಣೆ ತಾಗದಿರಲೆಂದು ಸೈಕಲ್ ಹೊಡೆಯುವವರು ಹಾಕುತ್ತಾರಲ್ಲ, ಅದು. ಸೈಕಲ್ ಮಾರಿ ಸ್ಕೂಟರ್ ಕೊಂಡ ಮೇಲೂ ತೆಗೆಯಲಿಲ್ಲ. ಕೇಳಿದರೆ, “ಇರ್ಲಿ ಬಿಡ್ರಿ, ಅದೇನು ಅನ್ನ ಕೇಳ್ತೈತಾ?” ಎನ್ನುವರು.

ಆಗಬೇಕಾಗಿದ್ದದ್ದು ಇಷ್ಟು. ಸವಳಂಗದಲ್ಲಿ ಗಾರೆ ಕೆಲಸ ಮಾಡುವವರ ಮನೆಯಲ್ಲಿ ನಾನು ಮಗಳಾಗಿ ಬೆಳೆದೆ. ನಾನು ಮಗಳಲ್ಲ, ಮಗ ಎಂಬುದು ಹೈಸ್ಕೂಲಿನ ಹೊತ್ತಿಗೇ ನನಗೆ ಗೊತ್ತಿತ್ತು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದ್ದು ನಾನು. ರಜೆಯಲ್ಲಿ ಇಟ್ಟಿಗೆ ಹೊತ್ತು ಓದಿದ್ದೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಚನ್ನಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಎಂಬತ್ತರ ದಶಕ ಅದು. ನನ್ನಂಥವರ ದೇಹವನ್ನೂ ಗಂಡಾಗಿಸುವ ಆಪರೇಷನ್ ಮಾಡುವ ಡಾಕ್ಟರು ಮುಂಬಯಿಯಲ್ಲಿದ್ದಾರೆಂದು ತಿಳಿದು ಬರೆದೆ. ಬಾ ಎಂದರು. ದುಡ್ಡು ಎಲ್ಲಿಂದ?

ಕಚೇರಿಯ ಸೂಪರಿಂಟೆಂಡೆಂಟರು, ಚಿಕಿತ್ಸೆಯ ಖರ್ಚು ಕೇಳಿ ನಾನು ಕೊಟ್ಟ ಅರ್ಜಿಯನ್ನು ನನ್ನ ಕಡೆಗೇ ತಳ್ಳಿದರು. “ಜ್ವರ ಇಲ್ಲ, ಗಡ್ಡೆ ಇಲ್ಲ. ಯಾವ ರೋಗಕ್ಕೆ ಅಂತ ಸರ್ಕಾರ ದುಡ್ಡು ಕೊಡ್ಬೇಕಮ್ಮ?” ಉಳಿದದ್ದು ಒಂದೇ: ನಾನು ಚಿಕ್ಕವನಿದ್ದಾಗ, ಮಗಳ ಮದುವೆಗಿರಲಿ ಎಂದು ಅಪ್ಪ ಏಜೆಂಟರ ಹತ್ತಿರ ಮಾಡಿಸಿದ್ದ ಪಾಲಿಸಿ. ಅದರ ಮೇಲೆ ಸಾಲ ಸಿಗುತ್ತಿತ್ತು.

ಏಜೆಂಟರಿಗೆ ಎಲ್ಲವನ್ನೂ ಹೇಳಿದೆ. ತಲೆ ತಗ್ಗಿಸಿ ಕೇಳಿದವರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ನೋವಾಗ್ತೈತೇನು?” ತುಂಬಾ ಆಗುತ್ತದಂತೆ ಎಂದೆ. “ಹಂಗಾದ್ರೆ ಇದು ಶೋಕಿಗೆ ಮಾಡಿಸ್ಕೊಳ್ಳೋದಲ್ಲ ಬಿಡು” ಎಂದರು. ಅಂದಿನಿಂದ ಅವರ ಬಾಯಲ್ಲಿ ನಾನು ತಂಗಿ ಹೋಗಿ ತಮ್ಮ ಆದೆ.

ಆದರೆ ಅವರಿಗೊಂದು ಹಟವಿತ್ತು. ವಿಮೆಯ ಕಾಗದದಲ್ಲಿ ಸುಳ್ಳು ಬರೆಯಬಾರದು. ಕೆಮ್ಮು ಮುಚ್ಚಿಟ್ಟವನೊಬ್ಬನ ಅರ್ಜಿಯನ್ನು ತಾವೇ ಹರಿದು ಹಾಕಿ ಕಮಿಷನ್ ಕಳೆದುಕೊಂಡವರು. ಸಾಲಕ್ಕೆ ಕಾರಣವೇನು ಎಂಬಲ್ಲಿ ಲೋಕವೆಲ್ಲ ‘ಮನೆ ಖರ್ಚು’ ಎಂದು ಬರೆಯುತ್ತದೆ. ಇವರು ದುಂಡಗೆ ಬರೆದರು: ‘ಮಗಳು ಮಗನಾಗುವ ಚಿಕಿತ್ಸೆಗೆ’. ಬ್ರಾಂಚ್ ಮ್ಯಾನೇಜರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ಮಗಳೇ ಇಲ್ಲದ ಮೇಲೆ ಮಗಳ ಮದುವೆ ಪಾಲಿಸಿ ಹೆಂಗ್ರಿ?”

“ಕಂತು ಕಟ್ಟಿದ್ದು ಸುಳ್ಳಾ ಸಾರ್?” ಎಂದರು ಏಜೆಂಟರು.

“ಮೇಲಿನ ಆಫೀಸಿಗೆ ಬರೀತೀನಿ.”

ಮೇಲಿನವರು ಅವರ ಮೇಲಿನವರಿಗೆ ಬರೆದರು. ನಾನು ಅಲೆದ ಅಲೆದಾಟಕ್ಕೆ ಬಸ್ಸಿನ ಕಂಡಕ್ಟರ್ ಊರು ಕೇಳದೆಯೇ ಟಿಕೆಟ್ ಹರಿಯತೊಡಗಿದ. ಸಿಟ್ಟು ನೆತ್ತಿಗೇರಿ ಒಂದು ದಿನ ಅಂದೇಬಿಟ್ಟೆ: “ನಿಮ್ಮ ಸತ್ಯಾನ ನಿಮ್ಮ ಹತ್ರಾನೇ ಇಟ್ಕೋಬೇಕಿತ್ತು.”

“ಹೌದೋ ತಮ್ಮ, ಕತ್ತೆ ಕೆಲಸ ಮಾಡ್ದೆ,” ಎಂದರು. “ಆದ್ರೆ ಇನ್ನೊಂದ್ಸಲ ಬರೀ ಅಂದ್ರೂ ಹಂಗೇ ಬರೀತೀನಿ.”

ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ದಾರಿ ತೆರೆದದ್ದು ಅವ್ವನ ಗೊಣಗಾಟದಿಂದ. “ಊರೂರು ಮದುವೇಲಿ ಮುಯ್ಯಿ ಓದಿಸಿ ಬಂದೆ. ಈ ಮಗೀಗೆ ಮದುವೆ ಯಾವಾಗೋ, ಅದು ತಿರುಗಿ ಬರಾದು ಯಾವಾಗೋ.” ನಮ್ಮ ಕಡೆ ಮುಯ್ಯಿ ಎಂದರೆ ಕೊಟ್ಟು ಮರೆಯುವ ಉಡುಗೊರೆಯಲ್ಲ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅದು ತಿರುಗಿ ಬರಲೇಬೇಕು. ಏಜೆಂಟರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. “ಕಾರ್ಯ ಅಂದ್ರೆ ಮದುವೇನೇ ಆಗ್ಬೇಕಾ? ಇವನು ಬಿ.ಎ. ಪಾಸಾದಾಗ ಯಾರಿಗಾದ್ರೂ ಊಟ ಹಾಕಿದ್ರೇನು ನೀವು?”

ಬಿ.ಎ. ಪಾಸಿಗೆ ಊಟ ಹಾಕಿದವರು ಅಲ್ಲಿತನಕ ಯಾರೂ ಇರಲಿಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸ್ಕೂಟರಿನಲ್ಲಿ ಸುತ್ತಿ ಅವರೇ ಕರೆದು ಬಂದರು. ಎಲ್ಲರಿಗೂ ಒಂದೇ ಮಾತು: “ಬಂದ ಮುಯ್ಯಿ ಆಸ್ಪತ್ರೆಗೆ ಹೋಗ್ತೈತೆ. ಯಾಕೆ ಅಂತ ಕೇಳಿದ್ರೆ ಹೇಳ್ತೀನಿ.” ನಾನು ಹಲ್ಲು ಕಡಿದೆ. ಪುಣ್ಯಕ್ಕೆ ಹೆಚ್ಚಿನವರು ಕೇಳಲಿಲ್ಲ.

ಸೋದರಮಾವ ಮಾತ್ರ ಊಟಕ್ಕೆ ಕೂತಲ್ಲೇ ಕೇಳಿದ. ಏಜೆಂಟರು ಹೇಳಿದರು. “ಇದು ಆಗೋ ಮಾತೇ ಅಲ್ಲ” ಎಂದು ಮಾವ ಎಲೆ ಮುಂದಿನಿಂದ ಎದ್ದ. “ಇನ್ನು ಈ ಮನೆ ನೀರೂ ಮುಟ್ಟಲ್ಲ” ಎಂದು ಚಪ್ಪಲಿ ಮೆಟ್ಟಿದ. ಚಪ್ಪರ ದಾಟಿದವನು ಮತ್ತೆ ತಿರುಗಿ ಬಂದ. ತನ್ನ ಮಗಳ ಮದುವೆಗೆ ಅವ್ವ ಕೊಟ್ಟಿದ್ದಕ್ಕೆ ಒಂದಿಷ್ಟು ಸೇರಿಸಿಯೇ ಓದಿಸಿದ. “ಮುಯ್ಯಿ ಉಳಿಸ್ಕೊಂಡ ಅನ್ನಿಸ್ಕೊಳ್ಳಾಕೆ ನನ್ನ ಕೈಲಿ ಆಗಲ್ಲ” ಎಂದು ಹೊರಟುಹೋದ. ನನ್ನ ಉಳಿತಾಯವೂ ಸೇರಿ ಮುಂಬಯಿಗೆ ಸಾಕಾಯಿತು.

ಏಜೆಂಟರು ತೀರಿಕೊಂಡು ಬಹಳ ವರ್ಷವಾಯಿತು. ಸಾಲದ ಅರ್ಜಿಗೆ ಮೇಲಿನವರ ಉತ್ತರ ಅವರಿರುವ ತನಕ ಬರಲಿಲ್ಲ. ಏಜೆಂಟರು ಎಂದೊಡನೆ ನನಗೆ ನೆನಪಾಗುವುದು ಇನ್ನೊಂದು ದಿನ.

ಆಪರೇಷನ್ ಆಗಿ ಬಂದ ಮೇಲೆ, ಹೊಸ ಹೆಸರಿನಲ್ಲಿ ಡಿಗ್ರಿ ಸರ್ಟಿಫಿಕೇಟು ಕೊಡಿ ಎಂದು ಯೂನಿವರ್ಸಿಟಿಗೆ ಬರೆದೆ. ಅದು ಇನ್ನೊಂದು ಅಲೆದಾಟ. ಅಂತೂ ಅವರು ಕಳಿಸಿದರೆ, ‘ಈ ಹೆಸರಿನವರು ಊರಲ್ಲಿಲ್ಲ’ ಎಂದು ಪೋಸ್ಟ್‌ಮ್ಯಾನ್ ವಾಪಸ್ ಮಾಡಿದ. ಎರಡನೇ ಸಲ ಏಜೆಂಟರ ವಿಳಾಸ ಕೊಟ್ಟೆ.

ರಜೆಯ ದಿನ ನಾನು ಅಪ್ಪನ ಜೊತೆಗಿದ್ದ ಗಾರೆ ಕೆಲಸದ ಜಾಗಕ್ಕೇ ಅವರು ಅದನ್ನು ತಂದರು. ಸ್ಕೂಟರ್ ನಿಲ್ಲಿಸಿ, ನನ್ನ ಹೆಸರನ್ನು ಕೂಲಿಯವರಿಗೆಲ್ಲ ಕೇಳುವಂತೆ ಓದಿ, ಸರ್ಟಿಫಿಕೇಟನ್ನು ನನಗಲ್ಲ, ಅಪ್ಪನಿಗೆ ಕೊಟ್ಟರು. ಅಪ್ಪ ಗಾರೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು ನೋಡಿದ. ಅವನಿಗೆ ಓದಲು ಬಾರದು.

“ಇನ್ನು ಆ ಮದುವೆ ಪಾಲಿಸಿ ನಿಲ್ಲಿಸಿಬಿಡಾನೇನು ಯಜಮಾನ್ರೇ?” ಏಜೆಂಟರು ಕೇಳಿದರು.

ಅಪ್ಪ ಸರ್ಟಿಫಿಕೇಟಿನಿಂದ ಕಣ್ಣು ತೆಗೆಯಲಿಲ್ಲ. “ಯಾಕ್ರಿ ನಿಲ್ಲಿಸೋದು? ಮಗನ ಮದುವೆ ಏನು ಪುಕ್ಕಟೆ ಆಗ್ತೈತಾ?”