ಸಾಹೇಬರ ಪೇಡಾ

ತೊಂಬತ್ತರ ದಶಕ. ಅಹಮದಾಬಾದಿನ ಲ್ಯಾಬಿನಲ್ಲಿ ನನಗೆ ಒಂದೇ ಹುಚ್ಚು: ಥಲಸ್ಸೇಮಿಯಾ ಎಂಬ ಹುಟ್ಟು ರಕ್ತಕಾಯಿಲೆಯ ಮಕ್ಕಳ ರಕ್ತದಲ್ಲಿ ಒಂದು ಜೀನಿನ ಆರ್‌ಎನ್‌ಎ ಎಲ್ಲಿ ತಪ್ಪಾಗಿ ತುಂಡಾಗಿ ಜೋಡಣೆಯಾಗುತ್ತದೆ ಎಂದು ಹುಡುಕುವುದು. ವಡೋದರಾದ ಮಂಜುಳಾಬೆನ್ ತಿಂಗಳಿಗೊಮ್ಮೆ ಪಕ್ಕದ ಆಸ್ಪತ್ರೆಯಲ್ಲಿ ಮಗಳಿಗೆ ರಕ್ತ ಹಾಕಿಸಲು ಬರುವಾಗ, ಮೊದಲು ನಮಗೊಂದು ಟ್ಯೂಬು ಮಗಳ ರಕ್ತ ಕೊಟ್ಟು ಹೋಗುತ್ತಿದ್ದರು.

ಕೊನೆಗೂ ಒಂದು ದಿನ ಆ ತಪ್ಪು ಜೋಡಣೆ ಪರೀಕ್ಷೆಯ ಫೋಟೋದಲ್ಲಿ ಗೆರೆಯಾಗಿ ಸ್ಪಷ್ಟವಾಗಿ ಮೂಡಿತು. ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸಾಹೇಬರಿಗೆ ಖುಷಿ ತಡೆಯಲಾಗಲಿಲ್ಲ. ಎಲ್ಲರಿಗೂ ಪೇಡಾ ಹಂಚಿದರು. ಆಗಷ್ಟೇ ಮಗಳೊಂದಿಗೆ ಬಾಗಿಲಿಗೆ ಬಂದ ಮಂಜುಳಾಬೆನ್ ಕೈಗೂ ಒಂದನ್ನಿಟ್ಟು, “ನಿಮ್ಮ ಮಗಳ ಕಾಯಿಲೆಯ ಮೂಲ ಸಿಕ್ಕಿತು” ಎಂದರು.

ಆಕೆಯ ಕಣ್ಣು ತುಂಬಿ ಬಂತು. ಪೇಡಾ ಮುರಿದು ಮಗಳ ಬಾಯಿಗಿಟ್ಟು, ನನ್ನ ಕಡೆ ತಿರುಗಿದರು. “ಹಾಗಾದರೆ ಇವತ್ತಿಂದ ರಕ್ತ ಹಾಕಿಸೋದು ಬೇಡ, ಅಲ್ವಾ ಅಕ್ಕಾ?”

ನಾನು ಸಾಹೇಬರ ಮುಖ ನೋಡಿದೆ. ಅವರು ಮಗುವಿಗೆ ಇನ್ನೊಂದು ಪೇಡಾ ಕೊಟ್ಟರು.