ವ್ರತವಲ್ಲದ ಉಪವಾಸ

ಉಪವಾಸ ಮಾಡಿದವರನ್ನು ಕಂಡರೆ ಕೈಮುಗಿಯುವುದು ನಮ್ಮ ಜೈನರ ಮನೆಗಳಲ್ಲಿ ರೂಢಿ. ನಾನೂ ಮುಗಿದವಳೇ, ಈಗಲೂ ಮುಗಿಯುತ್ತೇನೆ. ಆದರೆ ತೊಂಬತ್ತರ ದಶಕದ ಒಂದು ಭಾದ್ರಪದದಲ್ಲಿ ನನ್ನ ಗಂಡ ಹಿಡಿದ ಉಪವಾಸ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಅವರಿಗೆ ಪ್ರೊಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಅಂಕಲಿಯಿಂದ ಬೆಳಗಿನ ಬಸ್ಸಿಗೆ ಮಿರಜಿಗೆ ಹೋಗಿ ‘ಕರೆಂಟು’ ಕೊಡಿಸಿಕೊಂಡು ಬರುತ್ತಿದ್ದೆವು. ರೇಡಿಯೇಶನ್ನಿಗೆ ನಮ್ಮ ಓಣಿಯವರೆಲ್ಲ ಹಾಗೇ ಅನ್ನುತ್ತಿದ್ದರು. ಮೊದಮೊದಲು ಏನೂ ಆಗಲಿಲ್ಲ.

“ಇಷ್ಟಕ್ಕ ಅಂಜಿದ್ನೇನ ನಾ?” ಎಂದು ಬಸ್ಸಿನಲ್ಲಿ ನಗುತ್ತಿದ್ದರು.

ಆಮೇಲೆ ಶುರುವಾಯಿತು. ಮೂತ್ರಕ್ಕೆ ಹೋದರೆ ಉರಿ, ಹೋಗಿ ಬಂದ ಗಳಿಗೆಗೇ ಮತ್ತೆ ಅವಸರ. ಹೊಟ್ಟೆ ನೀರಾಗಿ ಹೋಗುವುದು, ಕೂತರೆ ನೋವು. ನಾನು ಅನ್ನವನ್ನು ಮೆತ್ತಗೆ ಬೇಯಿಸಿ ಬೇಳೆಯ ತಿಳಿ ಹಾಕಿ ಕಲಸುತ್ತಿದ್ದೆ. ಕೆಂಪು ಚಟ್ನಿಯ ಡಬ್ಬಿಯನ್ನು ಅವರ ಕಣ್ಣಿಗೆ ಬೀಳದಂತೆ ಮೇಲೆ ಎತ್ತಿಟ್ಟಿದ್ದೆ. ಹಳೆಯ ಧೋತರ ಹರಿದು, ಒಳಗೆ ಕಟ್ಟಿಕೊಳ್ಳಲು ಮಡಿಕೆ ಹಾಕಿ ಕೊಡುತ್ತಿದ್ದೆ. ಒಗೆದು ಹಿತ್ತಲಲ್ಲಿ ನನ್ನ ಸೀರೆಯ ಮರೆಗೆ ಒಣಹಾಕುತ್ತಿದ್ದೆ. ಮನೆಯೊಳಗೆ ಇದೆಲ್ಲ ಹೇಗೋ ಸಾಗುತ್ತಿತ್ತು. ಸಾಗದಿದ್ದುದು ಬಸ್ಸಿನಲ್ಲಿ.

ಒಂದು ದಿನ ಕಾಗವಾಡ ದಾಟಿದ ಮೇಲೆ ಅವರು ಎದ್ದು ನಿಂತು ಕಂಡಕ್ಟರನಿಗೆ ಹೇಳಿದರು.

“ಸ್ವಲ್ಪ ನಿಂದರಸಪಾ.”

“ಇನ್ನೇನ ಮಿರಜ ಬಂತಲ್ರಿ ಕಾಕಾ, ತಡಕೋರಿ.”

“ತಡಿಯಾಕ ಆಗಂಗಿಲ್ಲೋ.”

“ಮುದುಕರನ್ನ ನೀರ ಕುಡಿಸಿ ಗಾಡಿ ಹತ್ತಸ್ತಾರ ನೋಡ!” ಎಂದ ಹಿಂದಿನ ಸೀಟಿನ ಒಬ್ಬ. ಬಸ್ಸಿಗೆ ಬಸ್ಸೇ ನಕ್ಕಿತು. ನಿಲ್ಲಲಿಲ್ಲ. ಮಿರಜಿನಲ್ಲಿ ಇಳಿದಾಗ ನನ್ನ ಕೈಚೀಲವನ್ನು ಅವರ ಹಿಂದೆ ಅಡ್ಡ ಹಿಡಿದು ನಡೆದೆ.

ಮರುದಿನ ಬೆಳಿಗ್ಗೆ ಅವರು ತಾಟು ಸರಿಸಿದರು.

“ಭಾದ್ರಪದದ ಪರ್ವ ನಡದೈತಿ. ವ್ರತ ಹಿಡದೇನಿ. ಇನ್ನ ಸಂಜೀಕ ಒಂದ ಸಲ ಅಷ್ಟ.”

ಆ ಒಂದು ಸಲವೂ ಎರಡು ತುತ್ತು. ನೀರೂ ಆಗ ಮಾತ್ರ. ಹುಟ್ಟಿದಾಗಿನಿಂದ ಹಸಿವು ತಡೆಯದ ಮನುಷ್ಯ! ನನಗೆ ಆ ಕ್ಷಣವೇ ತಿಳಿಯಿತು. ಆದರೆ ವ್ರತ ಎಂದವರಿಗೆ ಉಣ್ಣಿ ಎನ್ನುವ ಬಾಯಿ ನಮ್ಮ ಮನೆಯಲ್ಲಿ ಯಾರಿಗಿತ್ತು?

ಅವರ ಅಕ್ಕ ಏಕಸಂಬಿಯಿಂದ ಬಂದರು. “ನೋಡ್ರಿ, ಇಂಥಾ ಬ್ಯಾನ್ಯಾಗೂ ನನ್ನ ತಮ್ಮ ಧರ್ಮ ಬಿಟ್ಟಿಲ್ಲ” ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಅವರೆಲ್ಲ ಬಂದು ಕೈಮುಗಿದರು. ಇವರು ಕಣ್ಣು ಮುಚ್ಚಿ ಕೂತಿದ್ದರು. ಆ ಮುಚ್ಚಿದ ಕಣ್ಣು ನೋಡಿ ಒಲೆಯ ಕೊಳ್ಳಿ ಕಿತ್ತು ಎಸೆಯಬೇಕು ಅನ್ನಿಸಿತ್ತು ನನಗೆ.

ಆ ವಾರ ಡಾಕ್ಟರು ತೂಕ ನೋಡಿ ಬೈದರು. ನೀರು ಕಡಿಮೆಯಾದರೆ ಉರಿ ಹೆಚ್ಚುತ್ತದೆ; ಹೀಗೇ ಸೊರಗಿದರೆ ಕರೆಂಟು ನಡುವೆ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ರೋಗದ್ದೇ ಮೇಲುಗೈ ಆದೀತು ಎಂದರು. ಇವರು ತಲೆಯಾಡಿಸಿದರು. ಮನೆಗೆ ಬಂದು ಮತ್ತೆ ಕಣ್ಣು ಮುಚ್ಚಿ ಕೂತರು.

ಸಂಜೆ ಅಕ್ಕ, ಸುತ್ತ ಹೆಂಗಸರು. “ನಾಳಿ ಬಸದಿಯೊಳಗ ನನ್ನ ತಮ್ಮಗ ಶಾಲು ಹೊಚ್ಚತಾರಂತ, ಇಂಥಾ ವ್ರತ ಯಾರ ಕಡೆ ಆದೀತು!” ಎಂದರು ಅಕ್ಕ.

“ಯಾವ ವ್ರತರಿ ಅಕ್ಕಾರ?” ಎಂದೆ. ನನ್ನ ದನಿ ನನಗೇ ಕೇಳಿ ಬೆಚ್ಚಿದೆ. “ಬಸ್ಸಿನ್ಯಾಗ ಧೋತರ ತೋಯತೈತಿ ಅಂತ ಹೊಟ್ಟಿ ಖಾಲಿ ಇಟಗೊಂಡಾರ. ಧರ್ಮ ಅಲ್ಲ ಇದು, ಅಂಜಿಕಿ.”

“ಏ, ಬಾಯಿ ಮುಚ್ಚ! ಮಂದ್ಯಾಗ ಮಾನ ಕಳದಿ” ಎಂದು ಇವರು ಚೀರಿದರು.

“ಧೋತರ ಹೊಲಸಾದರ ಒಗೀತೇನಿ, ದಿನಾ ಒಗ್ಯಾಕತ್ತೇನಿ. ನೀವ ಹೋದರ ನಾ ಏನ ಮಾಡ್ಲಿ?”

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಅಕ್ಕ ತಮ್ಮನ ಮುಖ ನೋಡಿ ನನ್ನ ಕಡೆ ತಿರುಗಿದರು. “ಗಂಜಿ ಐತೇನ? ಹೊತ್ತ ಮುಳಗೂದ್ರಾಗ ತಾ.”

ಇವರು ಎರಡು ತುತ್ತಿಗೆ ನಿಲ್ಲಿಸದೆ ಬಟ್ಟಲು ತುಂಬ ಗಂಜಿ ಕುಡಿದರು. ನನ್ನ ಜೊತೆ ಮಾತು ಬಿಟ್ಟರು.

ಮರುದಿನ ಅದೇ ಬಸ್ಸು, ಅದೇ ಕಂಡಕ್ಟರ್. ಕಾಗವಾಡ ದಾಟುತ್ತಲೇ ಇವರ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿಯಿತು. ನಾನು ಎದ್ದು ಬಾಗಿಲಿಗೆ ಹೋದೆ.

“ನಿಲ್ಲಸೋ ಗಾಡಿ.”

“ಏ ಮಾವಶಿ, ಇಲ್ಲೇನ ಸ್ಟಾಪ್ ಐತೇನು?”

“ನಿಲ್ಲಸ್ತೀಯೋ, ಇಲ್ಲಾ ಜಿಗೀಲೋ? ನಿನ್ನಪ್ಪಗ ಈ ಬ್ಯಾನಿ ಬಂದಿದ್ದರ ತಡಕೋ ಅಂತಿದ್ದಿ ಏನು?”

ಅವನು ಶಿಳ್ಳೆ ಊದಿದ. ಈ ಸಲ ಯಾರೂ ನಗಲಿಲ್ಲ. ಇವರು ತಂಬಿಗೆ ಹಿಡಿದು ಕಬ್ಬಿನ ಮರೆಗೆ ಹೋದರು. ನಾನು ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಕಂಬಿ ಹಿಡಿದು ನಿಂತೆ. ಡ್ರೈವರ್ ಎಂಜಿನ್ ಗುರುಗುಡಿಸಿದ.

“ಒಳಗ ಹತ್ತರೆವ್ವಾ.”

“ಅವರ ಬರಲಿ.”

ಬಂದರು. ನನ್ನ ಭುಜ ಹಿಡಿದು ಹತ್ತಿದರು, ಮುಖ ನೋಡಲಿಲ್ಲ. ಸಿಟ್ಟು ಇಬ್ಬರಿಗೂ ಇಳಿದಿರಲಿಲ್ಲ. ಸೀಟಿನಲ್ಲಿ ಕೂತು ಸ್ವಲ್ಪ ಹೊತ್ತಿಗೆ, ಕಿಟಕಿಯ ಕಡೆ ನೋಡುತ್ತಲೇ ನನ್ನ ಕೈಚೀಲದಲ್ಲಿದ್ದ ನೀರಿನ ಬಾಟಲಿಗೆ ಕೈ ಚಾಚಿದರು. ಮುಚ್ಚಳ ತೆಗೆದು ಕೊಟ್ಟೆ.