ಬಹುವಚನಮ್ಮ

ಅತ್ತೆಯ ಬಗ್ಗೆ ಒಳ್ಳೆಯ ಮಾತು ಬರೆಯಲು ಕೂತ ಸೊಸೆ ಬಹುಶಃ ನಾನೊಬ್ಬಳೇ. ನಗುವವರು ನಗಲಿ. ಒಂದೇ ಅಡುಗೆಮನೆಯಲ್ಲಿ ಅವರ ಜೊತೆ ಜಗಳವಾಡಿದ್ದೇನೆ, ಒಂದೇ ಲಾಂಡ್ರಿಯಲ್ಲಿ ಅವರ ಕೈಕೆಳಗೆ ದುಡಿದಿದ್ದೇನೆ. ಎರಡೂ ಕಡೆಯ ರುಚಿ ಗೊತ್ತಿದ್ದೇ ಹೇಳುತ್ತಿದ್ದೇನೆ.

ಊರಿನ ಹೋಟೆಲು, ಆಸ್ಪತ್ರೆಗಳ ಬಟ್ಟೆಯೆಲ್ಲ ತೊಳೆಯಲು ಬರುತ್ತಿದ್ದ ದೊಡ್ಡ ಲಾಂಡ್ರಿ ಅದು. ಬಾಗಿಲ ಬಳಿ ಕೊಳೆ ಬಟ್ಟೆ ಬೇರ್ಪಡಿಸುವ ಉದ್ದನೆಯ ಮೇಜು, ನಡುವೆ ಗುಡುಗುವ ಯಂತ್ರಗಳು, ಕೊನೆಯಲ್ಲಿ ಬೆಡ್‌ಶೀಟುಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರ್. ಅತ್ತೆ ಆ ಮೇಜಿನಿಂದಲೇ ಶುರು ಮಾಡಿದವರು. ಆಗಿನ ಸೂಪರ್‌ವೈಸರ್ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. "ಏಯ್" ಎಂದರೆ ಇದ್ದವರೆಲ್ಲ ತಿರುಗಬೇಕು, ಆಮೇಲೆ ಯಾರಿಗೆ ಬೈಗುಳ ಬೀಳುತ್ತದೋ ಕಾಯಬೇಕು.

ಲಾಂಡ್ರಿಯ ಯಜಮಾನರು ಅತ್ತೆಯನ್ನೇ ಸೂಪರ್‌ವೈಸರ್ ಮಾಡಿದಾಗ ಅವರು ತಂದ ಕಾನೂನು ಒಂದೇ. ನೆಲ ಗುಡಿಸುವವರಿಂದ ಹಿಡಿದು ವ್ಯಾನ್ ಓಡಿಸುವವರವರೆಗೆ ಎಲ್ಲರಿಗೂ "ನೀವು". ಬೈಯುವಾಗಲೂ ಅಷ್ಟೇ: "ನಿಮ್ಮ ತಲೇಲಿರೋದು ಮೆದುಳಾ, ಸೋಪಿನ ನೊರೆನಾ?" ಬೈಯುವುದರಲ್ಲಿ ಅವರೇನೂ ಹಿಂದೆ ಬಿದ್ದವರಲ್ಲ. ಕೆಲಸದವರು ಬೆನ್ನ ಹಿಂದೆ ಬಹುವಚನಮ್ಮ ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದಾಗ, "ಕೊನೇಲಿ ಅಮ್ಮ ಅಂತ ಸೇರಿಸಿದ್ದಾರಲ್ಲ, ಬಿಡಿ" ಎಂದರು.

ಮನೆಯಲ್ಲಿ ಮಾತ್ರ ನಾನು "ಏ ಗೂಬೆ". ಒಂದು ದಿನ ತಡೆಯಲಾರದೆ ಕೇಳಿದೆ. "ಅಲ್ಲತ್ತೆ, ಅಲ್ಲಿ ಬನ್ನಿ ಹೋಗಿ ಅಂತೀರ, ಇಲ್ಲಿ ಗೂಬೆ ಅಂತೀರ. ಇದ್ಯಾವ ನ್ಯಾಯ?"

"ಇಲ್ಲಿ ನಾನು ಒಂದು ಅಂದ್ರೆ ನೀನು ಎರಡು ಅಂತೀಯ. ಅಲ್ಲಿ ಅವ್ರು ತಿರುಗಿ ಅನ್ನೋ ಹಾಗಿಲ್ಲ ಕಣೇ. ಅಂಥವರನ್ನ ಬಾರೋ ಹೋಗೋ ಅನ್ನೋದು ಕೈ ಕಟ್ಟಿ ಹಾಕಿ ಹೊಡೆದ ಹಾಗೆ."

ಇದರಿಂದ ಒಂದು ಲಾಭವಿತ್ತು. ಲಾಂಡ್ರಿಯಲ್ಲಿ ಯಾರೂ ತಪ್ಪು ಬಚ್ಚಿಡುತ್ತಿರಲಿಲ್ಲ. ಬಟ್ಟೆ ಹರಿದವರು, ನೀಲಿ ಜಾಸ್ತಿ ಸುರಿದವರು ತಾವೇ ಓಡಿಬಂದು ಹೇಳುತ್ತಿದ್ದರು. ಬೈಸಿಕೊಳ್ಳುತ್ತಿದ್ದರು, ಆಮೇಲೆ ಅತ್ತೆ ಪಕ್ಕದಲ್ಲಿ ನಿಂತು ಸರಿಮಾಡಿಸುತ್ತಿದ್ದರು. ಹೋಟೆಲಿನವರು ಫೋನು ಮಾಡಿ ಯಾರ ತಪ್ಪು ಎಂದರೆ "ನಮ್ಮದು" ಎನ್ನುತ್ತಿದ್ದರು. ಅಲ್ಲೂ ಬಹುವಚನ!

ಯಜಮಾನರು ಕಾಲುನೋವೆಂದು ಮನೆ ಹಿಡಿದ ಮೇಲೆ ಅವರ ಅಳಿಯ ಬಂದ. ಬಂದ ಎಂದೇ ಬರೆಯುತ್ತೇನೆ. "ಬಂದರು" ಎನ್ನುವಷ್ಟು ದೊಡ್ಡ ಮನಸ್ಸು ಅತ್ತೆಗಿದೆ, ನನಗಿಲ್ಲ. ಬಿಸಿ ರೋಲರ್ ಮುಂದೆ ನಿಂತು ನಿಂತೇ ತಲೆ ನರೆತಿದ್ದ ರೋಲರಣ್ಣ, ಇವನ ಅಪ್ಪನ ವಯಸ್ಸಿನವರು, ಬಟ್ಟೆಯಲ್ಲಿ ಕಲೆ ಉಳಿದಿದೆ ಎಂದು ತೋರಿಸಲು ಹೋದರು. "ಬಾಯ್ ಮುಚ್ಕೊಂಡು ಕೆಲ್ಸ ಮಾಡೋ" ಎಂದ. ಅಡ್ಡ ಬಂದ ಅತ್ತೆಯನ್ನೂ ಬಿಡಲಿಲ್ಲ.

"ನೀವು ನೀವು ಅಂತ ಇವ್ರನ್ನೆಲ್ಲ ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ನಾಳೆಯಿಂದ ಎಲ್ಲರಿಗೂ ಏಕವಚನ. ಆಗಲ್ಲ ಅಂದ್ರೆ ಸೂಪರ್‌ವೈಸರ್ ಕೆಲ್ಸ ಬಿಟ್ಟು ಮೇಜಿಗೆ ಹೋಗು."

"ಎಲ್ಲರಿಗೂನಾ ಸರ್?"

"ಎಲ್ಲರಿಗೂ. ಒಬ್ಬರನ್ನೂ ಬಿಡ್ಬಾರ್ದು."

ಮರುದಿನ ಬೆಳಿಗ್ಗೆ ಅವನು ತಮಾಷೆ ನೋಡಲು ಸೊಂಟಕ್ಕೆ ಕೈಕೊಟ್ಟು ಬಾಗಿಲಿಗೆ ಅಡ್ಡ ನಿಂತ. ಹಿಂದಿನಿಂದ ಬಟ್ಟೆಯ ತಳ್ಳುಗಾಡಿ ಬರುತ್ತಿತ್ತು. ಅತ್ತೆ ಎದೆ ತುಂಬ ಉಸಿರೆಳೆದುಕೊಂಡು ಕೂಗಿದರು. "ಏಯ್, ಕಣ್ಣು ಕಾಣಲ್ವೇನೋ? ಗಾಡಿ ಬರ್ತಿದೆ, ಸರಿಯೋ ಆ ಕಡೆ!"

ಅಳಿಯನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಎಲ್ಲರಿಗೂ ಅಂದ್ರಲ್ಲ ಸರ್," ಎಂದರು ಅತ್ತೆ. "ಚುಚ್ತಲ್ವಾ? ಅವ್ರಿಗೂ ಹಾಗೇ ಚುಚ್ಚುತ್ತೆ." ಅವನು ಬಾಯಿ ತೆರೆಯುವ ಮೊದಲೇ ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಅವನ ಕೈಗಿತ್ತು ಮೇಜಿಗೆ ಹೋಗಿ ನಿಂತರು.

ಆ ಮೇಜಿನಿಂದ ಮೇಲೇಳಲು ಅವರು ಅರ್ಧ ಆಯುಸ್ಸು ಸವೆಸಿದ್ದರು. ಈ ವಯಸ್ಸಿನಲ್ಲಿ ಮತ್ತೆ ನಾಲ್ಕು ಜನರ ಕೊಳೆಯಲ್ಲಿ ಕೈಯಾಡಿಸಬೇಕು, ಸಂಜೆಗೆ ಸೊಂಟ ಹಿಡಿಯುತ್ತಿತ್ತು. ರೋಲರಣ್ಣನನ್ನು ಒಂದು ಸಲ "ಬಾರೋ" ಎಂದಿದ್ದರೆ ಎಲ್ಲ ವಾಪಸು ಸಿಗುತ್ತಿತ್ತು. ಬೆನ್ನಿಗೆ ಎಣ್ಣೆ ತಿಕ್ಕುತ್ತಾ ನಾನು ಅದನ್ನೇ ಹೇಳಿದೆ.

"ಸುಮ್ನೆ ತಿಕ್ಕು ಗೂಬೆ," ಎಂದರು.

ಅಳಿಯ ತಾನೇ ಸೂಪರ್‌ವೈಸರ್ ಆದ. ಕೂಗಾಟಕ್ಕೇನೂ ಬರವಿರಲಿಲ್ಲ, ಮಿಕ್ಕವರ ಬಾಯಿಗೆಲ್ಲ ಬೀಗ. ಒಂದು ದಿನ ಅವಸರಕ್ಕೆ, ಹೋಟೆಲಿನ ಮೂಟೆಯನ್ನು ಮೇಜಿಗೆ ತರದೆ ನೇರ ಯಂತ್ರಕ್ಕೇ ಸುರಿಸಿದ. ಬಿಳಿ ಬೆಡ್‌ಶೀಟುಗಳ ನಡುವೆ ಒಂದು ಕೆಂಪು ಪರದೆ ಇತ್ತು. ಯಂತ್ರದವರು ನೋಡಿದರು, ಸುಮ್ಮನಾದರು. ಹೊರಬಂದದ್ದೆಲ್ಲ ಗುಲಾಬಿ ಬಣ್ಣ. ರೋಲರಣ್ಣ ಒಂದೊಂದನ್ನೂ ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿದರು. ಮಡಿಸುವವಳು ನಾನು. ಅಂಚಿಗೆ ಅಂಚು ಕೂಡಿಸಿ, ಬಹಳ ಸಂತೋಷದಿಂದ ಮಡಿಸಿದೆ.

ಹೋಟೆಲಿನ ಮ್ಯಾನೇಜರ್ ಅಷ್ಟನ್ನೂ ವಾಪಸು ತಂದು ಬಾಗಿಲಲ್ಲಿ ಸುರಿದರು. "ಆ ಅಮ್ಮ ಎಲ್ಲಿ? ಅವ್ರು ನೋಡ್ಕೊಳ್ಳೋದಾದ್ರೆ ಬಟ್ಟೆ ಕೊಡ್ತೀವಿ. ಇಲ್ಲಾಂದ್ರೆ ಬೇರೆ ಕಡೆ ಕೊಡ್ತೀವಿ."

ಅಳಿಯ ರೋಲರಣ್ಣನ ಮೇಲೆ ಹರಿಹಾಯ್ದ. "ಯಾಕೋ ಹೇಳ್ಲಿಲ್ಲ?"

"ಬಾಯ್ ಮುಚ್ಕೊಂಡು ಮಾಡು ಅಂದಿದ್ರಲ್ಲ ಸರ್. ಮುಚ್ಕೊಂಡೇ ಮಾಡ್ದೆ."

ಬೇರೆ ದಾರಿಯಿಲ್ಲದೆ ಅವನು ಮೇಜಿನ ಬಳಿ ಬಂದ. ಅತ್ತೆ ದಿಂಬಿನ ಕವರುಗಳನ್ನು ಬೇರ್ಪಡಿಸುತ್ತಿದ್ದರು. "ನಾಳೆಯಿಂದ ಮೊದಲಿನ ಹಾಗೆ ನೀವೇ ನೋಡ್ಕೊಳ್ಳಿ," ಎಂದು ಬೀಗದ ಕೈ ಗೊಂಚಲು ಚಾಚಿದ. ನೀವೇ ಎಂದ! ನನಗೆ ಕುಣಿಯಬೇಕೆನಿಸಿತು.

ಅತ್ತೆ ತಲೆಯೆತ್ತಲಿಲ್ಲ. "ಆ ನೀವು ನಂಗೆ ಬೇಡ ಸರ್. ಮೊದ್ಲು ಅವ್ರಿಗೆ ಹೇಳಿ," ಎಂದು ರೋಲರಿನ ಕಡೆ ಗಲ್ಲ ತೋರಿಸಿದರು.

"ಹೇಳ್ದಿದ್ರೆ?"

"ಇಲ್ಲಿ ಬೇಕಾದಷ್ಟು ಕೊಳೆ ಇದೆ. ನಂಗೆ ಕೆಲಸಕ್ಕೇನು ಕಡಿಮೆ?"

ಅಳಿಯ ಎಲ್ಲರ ಕಣ್ಣೆದುರು ಆ ಉದ್ದ ಕೋಣೆಯನ್ನು ದಾಟಿ ರೋಲರಿನ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡ. "ನೀವು... ಇನ್ಮೇಲೆ ಏನಾದ್ರೂ ಕಂಡ್ರೆ ಹೇಳಿ."

ರೋಲರಣ್ಣ ಹಿಂದಕ್ಕೆ ತಿರುಗಿ ನೋಡಿದರು. ತಮ್ಮ ಹಿಂದೆ ಯಾರೋ ದೊಡ್ಡವರು ಬಂದು ನಿಂತಿರಬೇಕು ಎಂದುಕೊಂಡಿದ್ದರು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ದುಡಿದ ಮನುಷ್ಯ, ಯಜಮಾನರ ಮನೆಯವರು ಮರ್ಯಾದೆ ಕೊಟ್ಟರೆ ಅದು ತನಗಲ್ಲ ಎಂದುಕೊಳ್ಳಬೇಕೆ?

"ನಿಮಗೇ ಅವ್ರು ಹೇಳ್ತಿರೋದು," ಎಂದು ಅತ್ತೆ ಮೇಜಿನಿಂದಲೇ ಗದರಿದರು. "ಗೋಡೆ ಏನು ನೋಡ್ತೀರಿ? ಉತ್ತರ ಕೊಡಿ!"